ಕೂಲರ್ ಬಿಚ್ಚಿದ್ದು

ಮಾರ್ಚ್ 3, ಬೆಳಿಗ್ಗೆ

ಕಂಪ್ಯೂಟರ್ ಮತ್ತೆ ಆಫ್. ಅಡುಗೆಮನೆಯ ಡಿಸೈನ್ ರೆಂಡರ್ ಆಗಿ ಫೋಟೋದಂಥ ಚಿತ್ರ ಆಗ್ತಾ ಇತ್ತು, ಅರ್ಧಕ್ಕೆ ಬಂದಿತ್ತು... ಫ್ಯಾನ್ ಒಂದೇ ಸಮನೆ ಹೊಡ್ಕೊಂಡು, ಸ್ಕ್ರೀನ್ ಕಪ್ಪು. ಆಫೀಸಿನ ನೌಕರಿ ಬಿಟ್ಟ ಮೇಲೆ ಸ್ವಂತಕ್ಕೆ ಸಿಕ್ಕಿದ ಮೊದಲ ಕೆಲಸ. ಶುಕ್ರವಾರದೊಳಗೆ ಎಂಟು ಚಿತ್ರ ಕೊಡಬೇಕು. ಆಗಿರೋದು ಒಂದು.

ಇವರಿಗೆ ಫೋನ್ ಮಾಡಿದೆ. ಟೂರ್‌ನಲ್ಲಿದ್ದಾರೆ, ಗುರುವಾರ ಬರೋದು. "ಬಿಚ್ಚೋಕೆ ಹೋಗ್ಬೇಡ. ಪ್ರೊಸೆಸರ್ ತಣ್ಣಗಿಡೋ ಹೊಸ ಕೂಲರ್ ನಾನೇ ಕೂರಿಸಿದ್ದು, ಅದರಲ್ಲೇನೂ ಪ್ರಾಬ್ಲಮ್ ಇರಲ್ಲ."

ನನ್ನ ಹುಟ್ಟುಹಬ್ಬಕ್ಕೆ ಇಡೀ ಕಂಪ್ಯೂಟರ್ ಕೈಯಾರೆ ಜೋಡಿಸಿಕೊಟ್ಟವರು. ಅದರ ಬಗ್ಗೆ ಒಂದು ಮಾತು ಆಡೋ ಹಾಗಿಲ್ಲ.

ಸಂಜೆ

ಅತ್ತೆ ಪಕ್ಕಕ್ಕೆ ಕುರ್ಚಿ ಎಳ್ಕೊಂಡು ಕೂತರು. ನರ್ಸ್ ಆಗಿ ರಿಟೈರ್ ಆದವರು. "ಇದಕ್ಕೂ ಜ್ವರ ನೋಡೋಕಾಗುತ್ತಾ?"

ಟೆಂಪರೇಚರ್ ತೋರಿಸೋ ಸಾಫ್ಟ್‌ವೇರ್ ಹಾಕಿದೆ. ಸುಮ್ಮನಿದ್ದಾಗಲೇ ಅರವತ್ತೈದು ಡಿಗ್ರಿ. ರೆಂಡರ್ ಕೊಟ್ಟ ತಕ್ಷಣ ನೂರು. ಇಷ್ಟು ದೊಡ್ಡ ಕೂಲರ್‌ಗೆ ಎಪ್ಪತ್ತು ದಾಟಬಾರದಂತೆ, ಇಂಟರ್‌ನೆಟ್‌ನಲ್ಲಿ ಎಲ್ಲರೂ ಅದನ್ನೇ ಬರೆದಿದ್ದಾರೆ. ಮತ್ತೆ ಯಾಕೆ ಹೀಗೆ?

"ಯಾಕೆ ಅಂತ ಬಿಚ್ಚಿದ್ರೆ ತಾನೇ ಗೊತ್ತಾಗೋದು," ಅಂದ್ರು ಅತ್ತೆ. "ಅವನಿಗೆ ನಾನು ಹೇಳ್ಕೋತೀನಿ."

ಮಾರ್ಚ್ 4

ಬಿಚ್ಚಿದೆವು. ಊಟದ ಟೇಬಲ್ ಮೇಲೆ ಹಳೇ ಬೆಡ್‌ಶೀಟ್ ಹಾಸಿ. ಕೂಲರನ್ನ ಮೆಲ್ಲಗೆ ಅತ್ತಿತ್ತ ತಿರುಗಿಸಿ ಎತ್ತಿದರೆ — ತಳದಲ್ಲಿ ತೆಳು ಪ್ಲಾಸ್ಟಿಕ್ ಹಾಳೆ. ಹೊಸ ಸಾಮಾನಿಗೆ ಅಂಟಿಸಿರ್ತಾರಲ್ಲ, ಅದು. 'ಕೂರಿಸುವ ಮೊದಲು ತೆಗೆಯಿರಿ' ಅಂತ ಕೆಂಪಕ್ಷರ ಬೇರೆ. ಇವರು ಅದರ ಸಮೇತ ಪ್ರೊಸೆಸರ್ ಮೇಲೆ ಕೂರಿಸಿಬಿಟ್ಟಿದ್ದಾರೆ. ಬಿಸಿ ಕೂಲರಿಗೆ ದಾಟೋದಾದ್ರೂ ಹೇಗೆ?

ಅತ್ತೆ ಕನ್ನಡಕ ಏರಿಸಿ ಓದಿದರು. ನನ್ನ ಮುಖ ನೋಡಿದರು. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಹಾಳೆ ಕಿತ್ತು, ಒರೆಸಿ, ಬಿಸಿ ದಾಟಿಸೋ ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಹಾಕಿ ಕೂರಿಸಿದೆ. ಈಗ ರೆಂಡರ್ ಪೂರ್ತಿ ಓಡಿದರೂ ಅರವತ್ತೆಂಟು. ಕೆಲಸಕ್ಕೆ ಇಷ್ಟು ಸಾಕು. ಆದರೂ... ಇಷ್ಟು ತಣ್ಣಗಿದ್ದರೆ ಇನ್ನೂ ಎಷ್ಟು ಜೋರು ಓಡಬಹುದು?

ಮಾರ್ಚ್ 5

ಓವರ್‌ಕ್ಲಾಕ್ ಅಂದರೇನು ಅಂತ ಅತ್ತೆಗೆ ಹೇಳಿದೆ — ಕಂಪನಿಯವರು ಇಟ್ಟ ವೇಗಕ್ಕಿಂತ ಹೆಚ್ಚಿಗೆ ಓಡಿಸೋದು.

"ಸತ್ತುಹೋಗಲ್ವಾ?"

"ವೇಗಕ್ಕೆ ತಕ್ಕ ಹಾಗೆ ವೋಲ್ಟೇಜೂ ಏರಿಸಬೇಕು. ಅದು ತುಂಬಾ ಜಾಸ್ತಿ ಆದ್ರೆ ಹೋಗುತ್ತೆ."

"ಹಾಗಾದ್ರೆ ಸ್ವಲ್ಪ ಸ್ವಲ್ಪವೇ ಕೊಡು."

ವೇಗ 4.4 ಗಿಗಾಹರ್ಟ್ಸ್ ಇತ್ತು. 4.6 ಮಾಡಿದೆ. ಟೆಸ್ಟ್ ಪಾಸ್. 4.8 — ಎಪ್ಪತ್ತೊಂಬತ್ತು ಡಿಗ್ರಿ, ಪಾಸ್. ಅಲ್ಲಿಗೇ ನಿಲ್ಲಿಸಬಹುದಿತ್ತು. "ಇನ್ನೊಂದೇ ಸಲ," ಅಂದ್ರು ಅತ್ತೆ. ನನಗೂ ಬೇಕಾಗಿದ್ದು ಅದೇ. 5.0.

ಮಧ್ಯಾಹ್ನ

ಆನ್ ಆಗ್ತಿಲ್ಲ. ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಕಪ್ಪು. ಮೂರು ಚಿತ್ರ ಇನ್ನೂ ಬಾಕಿ. ಅತ್ತೆ ಪ್ಲಗ್ ಕಿತ್ತು ಕಿತ್ತು ಹಾಕಿ ನೋಡ್ತಿದ್ದಾರೆ.

ಮಾರ್ಚ್ 7

ಬದುಕಿತು. ಮದರ್‌ಬೋರ್ಡ್‌ನಲ್ಲಿರೋ ಗುಂಡಿಯಷ್ಟು ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ನಾವು ಕೊಟ್ಟ ವೇಗ, ವೋಲ್ಟೇಜ್ ಎಲ್ಲ ಮರೆತುಬಿಡುತ್ತಂತೆ. ಮರೆಯಿತು. 4.7ಕ್ಕಿಟ್ಟು ಎಲ್ಲ ಮುಗಿಸಿ ಬೆಳಿಗ್ಗೆ ಕಳಿಸಿದೆ. ಕೆಲಸ ಕೊಟ್ಟವರು ಬೆಡ್‌ರೂಮಿನದೂ ಮಾಡಿಕೊಡಿ ಅಂದಿದ್ದಾರೆ.

ಇವರು ನಿನ್ನೆ ಬಂದರು. "ನಾನು ಹೇಳ್ಕೋತೀನಿ" ಅಂದ ಅತ್ತೆಗೆ ಸರಿಯಾಗಿ ಆಗಲೇ ಗಿಡಕ್ಕೆ ನೀರು ಹಾಕೋದು ನೆನಪಾಯಿತು. ನಾನೇ ಹೇಳಿದೆ. ಹಾಳೆಯನ್ನ ತಿರುಗಿಸಿ ಮುರುಗಿಸಿ ನೋಡಿದರು. ಮುಖ ಸಣ್ಣಗಾಯಿತು.

"ಆವತ್ತಿಂದ ಹೀಗೇ ಇತ್ತಾ?"

"ಹ್ಞೂಂ. ಬೇರೆ ಎಲ್ಲ ಸರಿಯಾಗೇ ಕೂರಿಸಿದೀರಿ."

ಊಟಕ್ಕೆ ಕೂತಾಗಲೂ ಹಾಳೆ ತಟ್ಟೆ ಪಕ್ಕದಲ್ಲೇ ಇಟ್ಕೊಂಡಿದ್ದರು. ಹೇಳಬಾರದಿತ್ತೇನೋ ಅನ್ನಿಸಿತು.

ಇವತ್ತು ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಆಮೇಲೆ — "4.7ಕ್ಕೆ ವೋಲ್ಟೇಜ್ ಎಷ್ಟು ಕೊಟ್ಟೆ?"

ಮಾರ್ಚ್ 8

ಕಂಪ್ಯೂಟರ್ ಮುಂದೆ ಮೂರು ಕುರ್ಚಿ. ಅಮ್ಮ ಮಗ ಇಬ್ಬರೂ ಸ್ಕ್ರೀನಿಗೆ ಬಗ್ಗಿದ್ದಾರೆ, ನನಗೆ ಬರೆಯೋಕೆ ಮೊಣಕೈ ಇಡೋಕೂ ಜಾಗ ಇಲ್ಲ. 4.9 ಓಡ್ತಾ ಇದೆ. ಎಂಬತ್ತೊಂದು... ಎಂಬತ್ತೆರಡು... ಅಲ್ಲೇ ನಿಂತಿತು.

"ನೀನೇ ಮಾಡು, ನಾನು ಮುಟ್ಟಲ್ಲ," ಅಂತಿದ್ದ ಇವರು ಇನ್ನೊಂದು ಫ್ಯಾನ್ ತರ್ತೀನಿ ಅಂತ ಚಪ್ಪಲಿ ಮೆಟ್ಟಿದರು. ಅವರು ಬರೋವರೆಗೆ ಕಾಯೋಣ ಅಂದೆ. ಅತ್ತೆ ಆಗಲೇ ಕೀಬೋರ್ಡ್ ತಮ್ಮ ಕಡೆ ಎಳ್ಕೊಂಡು 5.0 ಒತ್ತಿದ್ದಾರೆ. ಅತ್ತೆ, ಇರಿ, ಮೊದಲು ವೋಲ್ಟೇ—