ಮೂರನೇ ಸಲ ಕೇಳುವ ಯಂತ್ರ

ಪ್ರೀತಿಯ ಆಯಿ,

ನಿನ್ನ ಮೊಮ್ಮಗಳು ಗೆದ್ದಳು. ಅಲ್ಲ, ನಾವಿಬ್ಬರೂ ಗೆದ್ದೆವು. ಹೇಗೆಂದು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ಓಣಿಯ ಶಾಂತಕ್ಕನ ಹೆರಿಗೆ ನೆನಪಿದೆಯಾ? ಅಳವಂಡಿಯ ಸೂಲಗಿತ್ತಿ ನೀನು, ಬಿಸಿನೀರು ಹೊರುವವಳು ನಾನು. ಒಳಗೆ ಸದ್ದೇ ಇಲ್ಲ. "ಹೆಂಗದೀಯವ್ವಾ?" ಎಂದೆ ನೀನು. "ಆರಾಮದೀನ್ಬೇ." ಮತ್ತೆ ಕೇಳಿದೆ. ಅದೇ ಉತ್ತರ. ಪಕ್ಕದಲ್ಲಿ ಕೂತು, ಅವಳ ಅಂಗೈ ಹಿಡಿದು ಮೂರನೇ ಸಲ ಕೇಳಿದೆ: "ನನ್ನ ಮುಂದ ಹೇಳವ್ವಾ, ಯಾರಿಗೂ ಹೇಳೂದಿಲ್ಲ." ಆಗ ಬಿಕ್ಕುತ್ತಾ ಒಳಗಿನ ನೋವೆಲ್ಲ ಹೇಳಿದಳು. ಕೂಡಲೇ ಜೀಪು ತರಿಸಿ ಕೊಪ್ಪಳದ ದವಾಖಾನೆಗೆ ಕಳಿಸಿದೆ. ತಾಯಿ, ಕೂಸು ಎರಡೂ ಉಳಿದವು. "ಚೀರಾಡಾಕೀದು ಚಿಂತಿಲ್ಲ. ಸುಮ್ನಾದಾಕಿ ಕಡೆ ಲಕ್ಷ್ಯ ಇಡಬೇಕು" ಎಂದು ನನಗೆ ಹೇಳಿದ್ದೆ.

ಈಗ ನಮ್ಮ ಜಿಲ್ಲೆಯ ಬಸುರಿಯರಿಗೆಂದು ಒಂದು ಸಹಾಯವಾಣಿ ಇದೆ ಆಯಿ. ಫೋನ್ ಎತ್ತುವುದು ಕಂಪ್ಯೂಟರ್. ದನಿಯಲ್ಲಿರುವುದು ಸಿಟ್ಟೋ, ಅಂಜಿಕೆಯೋ, ನೋವೋ ಎಂದು ಗುರುತಿಸಿ, ತೊಂದರೆಯಲ್ಲಿರುವವರನ್ನು ಅದು ಮೊದಲು ನರ್ಸಿಗೆ ಜೋಡಿಸಬೇಕು. ಅದಕ್ಕೆ ಮನುಷ್ಯರ ಭಾವನೆ ಕಲಿಸುವ ಕೆಲಸ ನನ್ನದು. ನಗಬೇಡ!

ಶುರುವಿನಲ್ಲಿ ಅದರ ಅವಾಂತರ ನೀನು ನೋಡಬೇಕಿತ್ತು. ಯಲಬುರ್ಗಾದ ಅತ್ತೆಯೊಬ್ಬಳು "ಸೊಸಿ ಇವತ್ತ ಎರಡು ರೊಟ್ಟಿ ಜಾಸ್ತಿ ತಿಂದ್ಳರೀ!" ಎಂದು ಖುಷಿಯಿಂದ ಕೂಗಿದರೆ, ಯಂತ್ರ "ವಿಪರೀತ ಸಿಟ್ಟು" ಎಂದು ಬರೆದುಕೊಂಡಿತು. ನಮ್ಮವರು ಪ್ರೀತಿಯನ್ನೂ ಕೂಗಿಯೇ ಹೇಳುತ್ತಾರೆಂದು ಅದಕ್ಕೇನು ಗೊತ್ತು? ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆದರೆ ಮೆಲ್ಲಗೆ "ಆರಾಮದೀನ್ರಿ" ಎಂದವರನ್ನೆಲ್ಲ ಅದು "ಶಾಂತ" ಎಂದು ಸಾಲಿನ ಕೊನೆಗೆ ತಳ್ಳುತ್ತಿತ್ತು. ಶಾಂತಕ್ಕ ಫೋನ್ ಮಾಡಿದ್ದರೆ...

ಸಹಾಯವಾಣಿ ನೋಡಿಕೊಳ್ಳಲು ಬೇರೆ ಊರಿನಿಂದ ಬಂದಿದ್ದ ಸಾಹೇಬರ ಎದುರು ನಿಂತೆ. "ಸರ್, ನಮ್ಮ ಹೆಣ್ಮಕ್ಕಳು ಒಮ್ಮೆ ಕೇಳಿದ್ರ ಹೇಳೂದಿಲ್ರಿ. ಮೂರು ಸಲ ಕೇಳ್ಬೇಕ್ರಿ." "ಅಷ್ಟು ಪುರುಸೊತ್ತು ಎಲ್ಲಿದೆಯಮ್ಮಾ?" ಎಂದರು. "ನಮ್ಮಾಯಿಗೆ ಇತ್ರಿ" ಎಂದೆ. ನಿನ್ನ ಮೊಂಡುತನ ಎಲ್ಲಿಗೆ ಹೋಗುತ್ತದೆ ಹೇಳು? ರೆಕಾರ್ಡಾಗಿದ್ದ ಮೆತ್ತಗಿನ ದನಿಗಳನ್ನೆಲ್ಲ ಮತ್ತೆ ಕೂತು ಕೇಳಿದೆ. ಉತ್ತರಕ್ಕೆ ಮುಂಚಿನ ತಡ, ನುಂಗಿಕೊಂಡ ಉಸಿರು, ಒಂದನ್ನೂ ಬಿಡದೆ ಗುರುತು ಹಾಕಿದೆ. ಅವನ್ನು ಕೇಳಿಸಿದ ಮೇಲೆ ಸಾಹೇಬರು ಕೊನೆಗೆ ಒಪ್ಪಿದರು.

ನಿನ್ನೆ ಮಧ್ಯಾಹ್ನ ಹನುಮಸಾಗರದಿಂದ ಒಂದು ಕರೆ. "ಆರಾಮದೀನ್ರಿ." ಎರಡನೇ ಸಲವೂ ಅದೇ. ಯಂತ್ರ ಬಿಡಲಿಲ್ಲ, ಮೂರನೇ ಸಲ ಕೇಳಿತು. ಆಮೇಲೆ, "ಕಣ್ಣಿಗೆ ಕತ್ತಲಿ ಬರಾಕತ್ತೈತ್ರಿ... ಕೂಸು ಮಿಸುಕಾಡವಲ್ದು..." ತಕ್ಷಣ ನರ್ಸ್, ಬೆನ್ನಿಗೇ ಆಂಬುಲೆನ್ಸ್. ಇವತ್ತು ಬೆಳಿಗ್ಗೆ ಕುಷ್ಟಗಿಯಿಂದ ಸುದ್ದಿ ಬಂತು: ಹೆಣ್ಣು ಕೂಸು, ತಾಯಿ ಕ್ಷೇಮ. ಸಾಹೇಬರೇ ಪೇಡೆ ತರಿಸಿ ಹಂಚಿದರು. ನಾನು ಅಳುತ್ತಾ ತಿಂದೆ, ಎರಡು.

ಆ ಮೂರನೇ ಪ್ರಶ್ನೆ ಯಾವುದೆಂದು ಹೇಳಲಿಲ್ಲ ಅಲ್ಲವೇ? ಅದು ನಿನ್ನದೇ. "ಯಾರಿಗೂ ಹೇಳೂದಿಲ್ಲ" ಎಂಬುದನ್ನು ಮಾತ್ರ ತೆಗೆಸಿದೆ. ಯಂತ್ರ ನರ್ಸಿಗೆ ಹೇಳಲೇಬೇಕಲ್ಲ. ನೀನೂ ದವಾಖಾನೆಯವರಿಗೆ ಹೇಳದೆ ಬಿಟ್ಟವಳಲ್ಲ! ಇನ್ನು ಮುಂದೆ ಗಂಗಾವತಿಯಿರಲಿ, ಕುಕನೂರಿರಲಿ, ಯಾವ ಹೆಣ್ಣುಮಗಳು ನೋವು ನುಂಗಿ "ಆರಾಮದೀನ್ರಿ" ಎಂದರೂ ನೀನು ಕೇಳುತ್ತಲೇ ಇರುತ್ತೀ: "ನನ್ನ ಮುಂದ ಹೇಳವ್ವಾ."

ಬಿಸಿನೀರು ಹೊರುತ್ತಿದ್ದ,
ನಿನ್ನ ಮೊಮ್ಮಗಳು