ಪೆಟ್ಟಿಗೆಯ ತಳದ ಕಾಲುಚೀಲ

ರೀ,

ಆಸ್ಪತ್ರೆ ಫೈಲು ಹುಡುಕಬೇಡಿ, ನಾನೇ ಒಯ್ದಿದ್ದೇನೆ. ಡಾಕ್ಟರಿಗೆ ಫೋನ್ ಮಾಡಿ ಏನೋ ಒಂದು ಹೇಳಿಬಿಡೋಣ ಅಂದುಕೊಂಡರೆ, ನಿಮ್ಮ ಫೋನೂ ನನ್ನ ಚೀಲದಲ್ಲಿದೆ. ಏನಾದರೂ ಬೇಕಾದರೆ ಪಕ್ಕದ ಮನೆಯವರನ್ನು ಕೂಗಿ. ಊಟ ಮುಚ್ಚಿಟ್ಟಿದ್ದೇನೆ.

ಮಂಡಿ ಆಪರೇಷನ್ನಿನಲ್ಲಿ ರಕ್ತ ಜಾಸ್ತಿ ಹೋಗದ ಹಾಗೆ ಇಂಜೆಕ್ಷನ್ ಕೊಡ್ತೀವಿ, ಹಿಂದೆ ಯಾವಾಗಲಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಹಾಗಿದ್ದರೆ ಅದು ಜೀವಕ್ಕೇ ಅಪಾಯ ಅಂತ ನಿನ್ನೆ ಡಾಕ್ಟರು ಕೇಳಿದರು. ನೀವು ಗೋಡೆ ನೋಡಿಕೊಂಡು "ಛೇ ಛೇ, ಇಲ್ಲವೇ ಇಲ್ಲ" ಅಂದಿರಿ. ಒಂದೇ ಸಲ "ಇಲ್ಲ" ಅಂದಿದ್ದರೆ ನಂಬುತ್ತಿದ್ದೆನೇನೋ.

ಬೆಳಿಗ್ಗೆ ನಿಮ್ಮ ಪೆಟ್ಟಿಗೆ ತಳದಲ್ಲಿ ರಕ್ತ ಹೆಪ್ಪುಗಟ್ಟಿದವರು ಹಾಕಿಕೊಳ್ಳುವ ಬಿಗಿ ಕಾಲುಚೀಲ, ಹಾಗಂತಲೇ ಬರೆದ ಹಳೇ ರಿಪೋರ್ಟು ಎರಡೂ ಸಿಕ್ಕವು. ಆವತ್ತು ಕಾಲು ಬಾತಾಗ ನನಗೆ ಉಳುಕು ಅಂದಿದ್ದಿರಿ!

ಈ ಸುಳ್ಳು ಯಾಕೆ ಅಂತಲೂ ಗೊತ್ತು. ಆ ಔಷಧ ಕೊಡದಿದ್ದರೆ ರಕ್ತ ಬೇಕಾಗಬಹುದು. ನಿಮ್ಮ ಅಪರೂಪದ ಗುಂಪಿನ ರಕ್ತ ನಮ್ಮವರಲ್ಲಿ ಇರುವುದು ನನ್ನ ತಮ್ಮನೊಬ್ಬನಿಗೆ. ಮಾತು ಬಿಟ್ಟು ಆರು ವರ್ಷವಾದ ಮೇಲೆ ಅವನ ಹಂಗು ನಿಮಗೆ ಬೇಡ.

ಎಲ್ಲವನ್ನೂ ಡಾಕ್ಟರ ಮುಂದಿಡುತ್ತೇನೆ. ಆ ಇಂಜೆಕ್ಷನ್ ಕೊಡುವುದೋ ಬಿಡುವುದೋ ಅವರೇ ಹೇಳಲಿ. ತಮ್ಮನೂ ಬರುತ್ತಿದ್ದಾನೆ. ನಾನು ಹೇಳಿ ಮುಗಿಸುವ ಮೊದಲೇ "ಎಷ್ಟು ಹೊತ್ತಿಗೆ ಬರ್ಲಿ ಅಕ್ಕಾ?" ಅಂದ.

ಮೊದಲು ನೀವು ಉಳಿಯಿರಿ. ಆಮೇಲೆ ನೆಟ್ಟಗೆ ಎದ್ದು ನಿಂತು ಅವನ ಜೊತೆ ಎಷ್ಟು ಬೇಕಾದರೂ ಜಗಳ ಆಡಿ. ಈ ಸಲ ನಾನು ನಡುವೆ ಬರಲ್ಲ.