ಹತ್ತು ಪದ, ಹತ್ತು ಸ್ಟಾಪು

ಮನೆಯಿಂದ,
೧೪ನೇ ತಾರೀಕು, ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಸುರಂಗದ ಧೂಳು ಕುಡಿದು ಕುಡಿದು ನಿನ್ನ ಗಂಟಲು ಯಾವ ಗತಿಗೆ ಬಂದಿದೆಯೋ ಎಂದು ದಿನಾ ಅಂದುಕೊಳ್ಳುತ್ತೇನೆ. ಮಾಸ್ಕ್ ಹಾಕಿಕೊಂಡರೆ ಅಳತೆ ಮಾಡುವ ಯಂತ್ರದ ಗಾಜು ಮಂಜಾಗುತ್ತದೆ ಎಂದು ಹೋದ ಸಲ ನೀನು ಬರೆದಿದ್ದೆ. ಗಾಜು ಒರೆಸಿಕೊಳ್ಳಬಹುದು, ಶ್ವಾಸಕೋಶ ಒರೆಸಿಕೊಳ್ಳುವುದಕ್ಕೆ ಆಗುವುದಿಲ್ಲ. ಈ ಮಾತನ್ನು ನಿನಗೆ ಹೇಳುತ್ತಿರುವುದು ದಿನಕ್ಕೆ ಎಂಟು ಜನರ ಉಸಿರು ಅಳೆಯುವ ತಂಗಿ, ಆದ್ದರಿಂದ ತೆಪ್ಪಗೆ ಕೇಳು. ಬೂಟು ಕಚ್ಚುತ್ತದೆ ಎಂದಿದ್ದಕ್ಕೆ ದಪ್ಪ ಸಾಕ್ಸು ಎರಡು ಜೊತೆ ಕಳಿಸಿದ್ದೇನೆ. ನಿಮ್ಮ ಕ್ಯಾಂಪಿಗೆ ಸಾಮಾನು ಒಯ್ಯುವ ಜೀಪು ಎರಡು ಗಂಟೆಗೆ ನಮ್ಮ ಬಾಗಿಲಿಗೇ ಬರುತ್ತದಂತೆ. ಅದಕ್ಕೇ ಇವತ್ತು ಅರ್ಧ ದಿನ ರಜೆ ಹಾಕಿ ಬರೆಯಲು ಕೂತೆ. ಅಲ್ಲಿ ಸಿಗ್ನಲ್ ಇಲ್ಲದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಈ ಮನೆಯಲ್ಲಿ ಫೋನಿನಲ್ಲಿ ಗುಟ್ಟು ಹೇಳಿದರೆ ಮೂರು ಮನೆಯವರು ಹೂಂಗುಟ್ಟುತ್ತಾರೆ, ಅಮ್ಮನಂತೂ ಪಕ್ಕದ ಕೋಣೆಯಲ್ಲೇ ಇರುತ್ತಾಳೆ.

ನೀನು ನನ್ನ ವಿಷಯ ಕೇಳಿದ್ದೆ. ಸುಸ್ತು ಅಕ್ಕಾ, ಬೇರೇನೂ ಇಲ್ಲ. ಬೆಳಗಾದರೆ ಅದೇ ಮೂವತ್ತು ಮೀಟರಿನ ಕಾರಿಡಾರು, ನೆಲಕ್ಕೆ ಅಂಟಿಸಿದ ಅದೇ ಹಳದಿ ಟೇಪು. ಕೊರೊನಾ ಬಂದು ಗುಣವಾಗಿ ಮನೆಗೆ ಹೋದವರು ಆರು ತಿಂಗಳಿಗೊಮ್ಮೆ ಬರುತ್ತಾರೆ. ಆರು ನಿಮಿಷ ನಡೆಸುತ್ತೇವೆ, ಕೊಳವೆಗೆ ಊದಿಸುತ್ತೇವೆ, ನೆನಪು ಪರೀಕ್ಷೆ ಮಾಡುತ್ತೇವೆ, ಎಲ್ಲ ಬರೆದುಕೊಳ್ಳುತ್ತೇವೆ. ನಡೆಯುವಾಗ ಅವರಿಗೆ ಧೈರ್ಯ ಹೇಳುವುದಕ್ಕೂ ನಮಗೆ ಸ್ವಾತಂತ್ರ್ಯ ಇಲ್ಲ. ನಿಮಿಷಕ್ಕೊಂದು ಸಲ "ಚೆನ್ನಾಗಿ ನಡೀತಿದೀರಿ, ಇನ್ನು ನಾಲ್ಕು ನಿಮಿಷ ಇದೆ" ಎನ್ನಬೇಕು, ಅಷ್ಟೇ. ಒಂದು ಮಾತು ಹೆಚ್ಚಾದರೆ ಅವರು ನಾಲ್ಕು ಹೆಜ್ಜೆ ಹೆಚ್ಚು ಹಾಕುತ್ತಾರೆ, ಲೆಕ್ಕ ಕೆಡುತ್ತದೆ. ಎದುರಿಗೆ ಒಬ್ಬರು ಏದುಸಿರು ಬಿಡುತ್ತಿದ್ದರೂ ಗೋಡೆಯ ಹಾಗೆ ನಿಂತು "ಚೆನ್ನಾಗಿ ನಡೀತಿದೀರಿ" ಎಂದು ಹೇಳಿ ಹೇಳಿ ನನ್ನ ಮುಖವೇ ಗೋಡೆಯಂತಾಗಿದೆ. ಆಮೇಲೆ ಎಲ್ಲರನ್ನೂ ಕೇಳುತ್ತೇನೆ, ಸುಸ್ತು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ. ನನ್ನನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಿನಗೆ ಹೇಳುತ್ತೇನೆ: ಎಂಟು. ಇದೋ, ಮತ್ತೆ ಪಿಟೀಲು ಶುರು ಮಾಡಿದಳು ಅಂತ ನಗಬೇಡ. ನೀನಿಟ್ಟ ಹೆಸರು, ನೀನೇ ಅನುಭವಿಸು.

ಈಗ ಅಮ್ಮನ ವಿಷಯ. ಹೋದ ಪತ್ರದಲ್ಲಿ ನಾನು ಕುಣಿದು ಕುಪ್ಪಳಿಸಿ ಬರೆದಿದ್ದೆ, ಅಮ್ಮ ಮೂರನೇ ಸಲದ ನೆನಪು ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಪದ ಹೇಳಿದಳು, ದೊಡ್ಡ ಡಾಕ್ಟರು ಶಾಲೆಗೆ ಪತ್ರ ಕೊಟ್ಟರು, ೧೭ನೇ ತಾರೀಕು ಸೋಮವಾರದಿಂದ ಮತ್ತೆ ಸ್ಕೂಲ್ ಬಸ್ಸು ಓಡಿಸುತ್ತಾಳೆ ಎಂದು. ಆ ಪತ್ರವನ್ನು ಹರಿದು ಹಾಕು. ಅದರಲ್ಲಿ ಬರೆದಿದ್ದು ನಿಜವಲ್ಲ. ಸುಳ್ಳು ಬರೆದೆ ಅಂತಲ್ಲ, ನನಗೂ ಆಗ ಗೊತ್ತಿರಲಿಲ್ಲ.

ಆ ಪರೀಕ್ಷೆ ಹೇಗೆ ಎಂದರೆ, ಒಂದು ಹಾಳೆಯಲ್ಲಿ ಹತ್ತು ಪದ ಇರುತ್ತವೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳು. ಸೆಕೆಂಡಿಗೆ ಒಂದರಂತೆ ಓದಿ ಹೇಳಬೇಕು, ಇಪ್ಪತ್ತು ನಿಮಿಷ ಬೇರೆ ಕೆಲಸ ಮಾಡಿಸಿ, ನೆನಪಿರುವುದನ್ನು ಹೇಳಿ ಎನ್ನಬೇಕು. ಇಂಥ ಹಾಳೆ ಮೂರೇ ಮೂರು. ಒಂದೊಂದು ಸಲಕ್ಕೆ ಒಂದೊಂದು. ಮನೆಯವರನ್ನು ನಾವೇ ಪರೀಕ್ಷಿಸಬಾರದು ಎಂಬ ನಿಯಮ ಇದೆ, ಅದಕ್ಕೇ ಅಮ್ಮನ ಪರೀಕ್ಷೆ ನಡೆಸಿದ್ದು ನಮ್ಮ ಕನ್ನಡಕದ ಮೇಡಂ. ನಾನು ಆ ಕೋಣೆಯ ಹತ್ತಿರವೂ ಸುಳಿಯಲಿಲ್ಲ. ಅಷ್ಟು ಶಿಸ್ತು ನನ್ನದು. ಮೊದಲ ಸಲ ಅಮ್ಮ ಹೇಳಿದ್ದು ಮೂರು ಪದ. ಎರಡನೇ ಸಲ ಆರು. ಈ ಸಲ ಹತ್ತೂ. ಡಾಕ್ಟರುಗಳ ಸಭೆಯಲ್ಲಿ ಗೋಡೆಯ ಮೇಲೆ ಗೆರೆ ಬರೆದು ತೋರಿಸಿದರು ಅಕ್ಕಾ, ಎಲ್ಲರ ಗೆರೆಯೂ ಕೆಳಗೆ ತೆವಳುತ್ತಿದ್ದರೆ ಒಂದೇ ಒಂದು ಗೆರೆ ಮೇಲೇರಿತ್ತು. ಹೆಸರು ಹಾಕುವುದಿಲ್ಲ, ನಂಬರು ಮಾತ್ರ. ಆದರೂ ನನಗೆ ಗೊತ್ತಾಯಿತು. ಕುರ್ಚಿಯಲ್ಲಿ ಕೂತು ಹಲ್ಲು ಕಿರಿದೆ.

ನಿನ್ನೆಗೆ ಎಂಟು ದಿನವಾಯಿತು, ಬೆಳಿಗ್ಗೆ ಅಮ್ಮ ಕೊಡದಲ್ಲಿ ನೀರು ತೆಗೆದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ನಾನು ಹಿಂದೆಯೇ ಬಕೆಟ್ ಹಿಡಿದು ಬರುತ್ತಿದ್ದೆ. ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು. ಹಳೆಯ ರೂಟಿನ ಸ್ಟಾಪುಗಳು. ಪಾಪ, ಸೋಮವಾರಕ್ಕೆ ತಯಾರಾಗುತ್ತಿದ್ದಾಳೆ ಎಂದು ನಗು ಬಂತು. ಆಮೇಲೆ ಕಿವಿಗೊಟ್ಟೆ. "ದೊಡ್ಡ ಗೇಟು, ಕೊಡಲಿ. ಗಡಿಯಾರದ ಅಂಗಡಿ, ನಿಂಬೆ. ಲಾಂಡ್ರಿ, ಪರದೆ. ನೀರಿನ ಟ್ಯಾಂಕು, ಕುದುರೆ. ಅವಳಿ ಮಕ್ಕಳ ಮನೆ, ಏಣಿ." ಬಕೆಟ್ಟಿನ ನೀರು ಅರ್ಧ ನನ್ನ ಕಾಲ ಮೇಲೆ ಚೆಲ್ಲಿತು. ಅದು ಮೂರನೇ ಹಾಳೆ ಅಕ್ಕಾ. ಅದೇ ಪದಗಳು, ಅದೇ ಸಾಲಿನಲ್ಲಿ.

ಅವಳಿಗೆ ಕಲಿಸಿದ್ದು ಯಾರು ಅಂತೀಯ? ನಾನೇ. ಈ ಕೆಲಸಕ್ಕೆ ಸೇರಿದಾಗ ಅಮ್ಮ ಆಸ್ಪತ್ರೆಯಿಂದ ಬಂದು ಮೂರು ತಿಂಗಳಾಗಿತ್ತು. ಪದಗಳನ್ನು ರಾಗ ಇಲ್ಲದೆ, ಏರಿಳಿತ ಇಲ್ಲದೆ, ಸರಿಯಾಗಿ ಸೆಕೆಂಡಿಗೆ ಒಂದರಂತೆ ಓದುವುದು ನನಗೆ ಬರುತ್ತಲೇ ಇರಲಿಲ್ಲ. ಕನ್ನಡಕದ ಮೇಡಂ ದಿನಾ ಉಗಿಯುತ್ತಿದ್ದರು. ಅದಕ್ಕೆ ಹಾಳೆಗಳನ್ನು ಮನೆಗೆ ತಂದು, ಅಡುಗೆಮನೆಯ ಗಡಿಯಾರದ ಮುಳ್ಳು ನೋಡಿಕೊಂಡು ತಿಂಗಳುಗಟ್ಟಲೆ ಓದಿದೆ. ಅಮ್ಮ ಎದುರಿಗೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. "ನಿನ್ನ ದನಿ ರೈಲ್ವೆ ಸ್ಟೇಷನ್ನಲ್ಲಿ ಕೂಗ್ತಾರಲ್ಲ, ಹಾಗಿದೆ ಕಣೇ" ಎಂದು ಗೇಲಿ ಮಾಡುತ್ತಿದ್ದಳು. ಆಮೇಲೆ "ಇನ್ನೊಂದ್ಸಲ ಓದು" ಎನ್ನುತ್ತಿದ್ದಳು. ಮಗಳ ಕೆಲಸದ ಮೇಲೆ ಎಷ್ಟು ಅಕ್ಕರೆ ಎಂದು ಉಬ್ಬಿ ಹೋಗುತ್ತಿದ್ದೆ. ಇಡೀ ಆಸ್ಪತ್ರೆಯಲ್ಲಿ ಇಂಥ ತಪ್ಪು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ, ಯಾಕೆಂದರೆ ಪರೀಕ್ಷೆಗೆ ಕೂರುವ ಅಮ್ಮ ಬೇರೆ ಯಾರ ಮನೆಯಲ್ಲೂ ಇಲ್ಲ.

ನೆನಪೇ ನಿಲ್ಲದವಳು ಹೇಗೆ ನೆನಪಿಟ್ಟುಕೊಂಡಳು ಎಂದು ನೀನು ಕೇಳುತ್ತೀಯ. ನಾನೂ ಅವಳನ್ನು ಅದನ್ನೇ ಕೇಳಿದೆ. ಹೊಸದು ಯಾವುದೂ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಅವಳಿಗೆ ಮೊದಲ ಪರೀಕ್ಷೆಯ ದಿನವೇ ಗೊತ್ತಾಯಿತಂತೆ. ಹಳೆಯದು ಮಾತ್ರ ಗಟ್ಟಿಯಾಗಿದೆ. ಅಪ್ಪ ತೀರಿಕೊಂಡ ವರ್ಷ ಅವಳು ಹತ್ತಿದ ಬಸ್ಸು, ಇಪ್ಪತ್ತೆರಡು ವರ್ಷ ಒಂದೇ ರೂಟು, ಆ ಸ್ಟಾಪುಗಳನ್ನು ಯಾವ ಕಾಯಿಲೆಯೂ ಅಳಿಸಿಲ್ಲ. ಅದಕ್ಕೆ ಒಂದೊಂದು ಸ್ಟಾಪಿನಲ್ಲಿ ಒಂದೊಂದು ಪದವನ್ನು ನಿಲ್ಲಿಸಿದ್ದಾಳೆ, ಮಕ್ಕಳನ್ನು ನಿಲ್ಲಿಸಿದ ಹಾಗೆ. ಬೀರುವಿನ ಬಾಗಿಲ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡು, ನಾನು ಕೆಲಸಕ್ಕೆ ಹೋದ ಮೇಲೆ ದಿನಾ ಬಾಯಿಪಾಠ ಮಾಡಿದ್ದಾಳೆ. ಒಂದು ವರ್ಷ, ಅಕ್ಕಾ. ಒಂದು ದಿನವೂ ಬಿಟ್ಟಿಲ್ಲ. "ಇದು ಮೋಸ ಆಗುತ್ತಲ್ಲಮ್ಮಾ" ಎಂದಾಗ ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಹತ್ತೂ ಹೇಳಿದ್ನೋ ಇಲ್ವೋ? ಕಲಿತು ಹೇಳೋದು ತಪ್ಪಾ? ಸ್ಕೂಲಲ್ಲಿ ಮಕ್ಕಳು ಮಾಡೋದೂ ಅದನ್ನೇ" ಎಂದಳು. ಅವಳನ್ನು ಬೈಯಲು ಹೋಗಿ ಅಡುಗೆಮನೆಯಲ್ಲಿ ನಿಂತು ಅತ್ತೆ.

ಅವಳು ಮೈದಾನದಲ್ಲಿ ಶಾಲೆಯವರೆದುರು ಬಸ್ಸು ಓಡಿಸಿ ತೋರಿಸಿದ್ದಾಳೆ, ಚೆನ್ನಾಗಿಯೇ ಓಡಿಸಿದಳಂತೆ. ಅದನ್ನು ನೆನೆದು ಐದಾರು ದಿನ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಪದ ಮರೆತರೆ ಏನಂತೆ, ಕೈ ಮರೆತಿಲ್ಲವಲ್ಲ ಎಂದು. ಆದರೆ ಮೊನ್ನೆ ಬುಧವಾರ ಸಂಜೆ ಇಬ್ಬರೂ ಅಂಗಡಿಗೆ ಹೊರಟೆವು. ನಮ್ಮ ದಾರಿಯನ್ನು ಪೈಪಿಗಾಗಿ ಅಗೆದು ಹಗ್ಗ ಕಟ್ಟಿದ್ದಾರೆ. ನಾನು ಬೇಕೆಂದೇ ಸುಮ್ಮನೆ ನಿಂತೆ, ಈಗ ಎತ್ತ ಹೋಗೋಣಮ್ಮಾ ಎಂದೆ. ಎಡಕ್ಕೆ ತಿರುಗಿದರೆ ಹಾಲಿನ ಅಂಗಡಿಯ ಓಣಿ, ನಾವಿಬ್ಬರೂ ಸೈಕಲ್ ಕಲಿತ ಓಣಿ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ಎರಡೂ ಕೈ ಸ್ಟಿಯರಿಂಗ್ ಹಿಡಿದ ಹಾಗೆ ಮುಂದೆ ಬಂದವು. ಒಂದು ಚೂರು ಆ ಕಡೆ, ಒಂದು ಚೂರು ಈ ಕಡೆ ತಿರುಗಿಸಿ, ಕೈಯನ್ನೇ ನೋಡುತ್ತಾ ನಿಂತುಬಿಟ್ಟಳು. ಕೊನೆಗೆ "ನೀನೇ ಹೇಳೇ, ನಂಗೆ ಕಾಲು ನೋಯ್ತಿದೆ" ಎಂದಳು. ನಾನು ಅವಳ ತೋಳು ಹಿಡಿದು ಮನೆಗೆ ಕರೆದುಕೊಂಡು ಬಂದೆ. ಮೂವತ್ತೆರಡು ಮಕ್ಕಳು ಆ ಬಸ್ಸಿನಲ್ಲಿ. ಒಂದು ಹಗ್ಗ ಕಟ್ಟಿದ ರಸ್ತೆ ಸಾಕು.

ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು ಎಂದು ತಿಳಿಯುತ್ತಿಲ್ಲ. ದೊಡ್ಡ ಡಾಕ್ಟರಿಗೆ ಹೇಳಿದರೆ ಅವಳು ಮತ್ತೆಂದೂ ಆ ಸೀಟಿನಲ್ಲಿ ಕೂರುವುದಿಲ್ಲ. ಬಸ್ಸು ಅವಳಿಗೆ ಬರೀ ಕೆಲಸ ಅಲ್ಲ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದಾಗಲೂ ನರ್ಸಿಗೆ "ಏಳೂ ನಲವತ್ತಕ್ಕೆ ಗೇಟ್ ಹತ್ರ ಇರ್ಬೇಕು" ಎಂದವಳು. ಹಾಳೆಗಳನ್ನು ಮನೆಗೆ ತಂದದ್ದಕ್ಕೆ ನನ್ನ ಕೆಲಸವೂ ಹೋಗಬಹುದು, ಅದು ಇರಲಿ. ಇನ್ನೊಂದು ಮಾತು ನಾಚಿಕೆಯಿಲ್ಲದೆ ಹೇಳುತ್ತೇನೆ. ಮೇಲೇರಿದ ಆ ಒಂದು ಗೆರೆಯನ್ನು ನೋಡಿ ಉಳಿದ ರೋಗಿಗಳಿಗೆ ಎಷ್ಟೋ ಸಲ ಧೈರ್ಯ ಹೇಳಿದ್ದೇನೆ, ನಿಯಮ ಮುರಿದು. ಒಬ್ಬರು ಪೂರ್ತಿ ಗುಣವಾಗಿದ್ದಾರೆ, ನೀವೂ ಆಗುತ್ತೀರಿ ಎಂದು. ಈಗ ಅವರಿಗೆ ಏನು ಹೇಳಲಿ?

ನೀನು ದೊಡ್ಡವಳು, ನಿನ್ನ ಅಭಿಪ್ರಾಯ ಬೇಕು. ಹೇಳುವುದೋ, ಇನ್ನೊಂದು ತಿಂಗಳು ಏನಾದರೂ ನೆಪ ಹೇಳಿ ತಳ್ಳುವುದೋ. ಯೋಚನೆ ಮಾಡು. ಅಮ್ಮ ಈಗ ಹೊರಗಿನ ಕೋಣೆಯಲ್ಲಿ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ಸೊಂಟ ಸಡಿಲವಾಗಿದೆ ಎಂದು ನಿನ್ನೆಯೇ ಹಿಡಿಸಿಕೊಂಡಿದ್ದಾಳೆ. ನಿನಗೆ ಆಶೀರ್ವಾದ ಬರೆಯಬೇಕಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ, ಸುರಂಗದಲ್ಲಿ ಮುಂದೆ ಮುಂದೆ ಹೋಗಬಾರದಂತೆ. ಇದನ್ನು ಹತ್ತು ನಿಮಿಷದಲ್ಲಿ ಮೂರು ಸಲ ಹೇಳಿದಳು, ಪ್ರತಿ ಸಲವೂ ಮೊದಲನೇ ಸಲದ ಹಾಗೆ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಸಾಕ್ಸು ಹಾಕಿಕೋ, ಸುಮ್ಮನೆ ಪೆಟ್ಟಿಗೆಯಲ್ಲಿ ಇಡಬೇಡ.

ಸದಾ ನಿನ್ನ ತಲೆ ತಿನ್ನುವ ತಂಗಿ,
ಪಿಟೀಲು

ಮರೆತದ್ದು: ಜೀಪು ಬಂತು, ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಅಭಿಪ್ರಾಯ ಕೇಳಿದೆನಲ್ಲ, ಅದು ಬರಿ ಮಾತಿಗೆ. ಇವತ್ತು ಬೆಳಿಗ್ಗೆ ಎಂಟೂವರೆಗೇ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ, ಬರೆದೂ ಕೊಟ್ಟೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪತ್ರ ವಾಪಸು ಪಡೆಯುತ್ತೇವೆ, ಸೋಮವಾರ ಏಳು ಗಂಟೆಗೆ ಶಾಲೆಗೆ ತಿಳಿಸುತ್ತೇವೆ, ಅದಕ್ಕೆ ಮೊದಲು ಮನೆಯವರೇ ನಿಮ್ಮಮ್ಮನಿಗೆ ಹೇಳುವುದು ಒಳ್ಳೆಯದು ಎಂದರು. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಇದೇ ಜೀಪು ಭಾನುವಾರ ಬೆಳಿಗ್ಗೆ ವಾಪಸು ಹೊರಡುತ್ತದೆ, ಡ್ರೈವರಿಗೆ ಹೇಳಿದ್ದೇನೆ, ಮುಂದಿನ ಸೀಟು ನಿನಗೆ ಬಿಟ್ಟಿರುತ್ತಾರೆ. ರಜೆ ಕೊಡದಿದ್ದರೂ ಬಾ. ನಾನೊಬ್ಬಳೇ ಕೂತು ಹೇಳಿದರೆ ಅವಳಿಗೆ ನಾನು ಆಸ್ಪತ್ರೆಯವಳಾಗಿಯೇ ಕಾಣುತ್ತೇನೆ. ಆ ಹೊತ್ತಿಗೆ ಮಗಳು ಅಂತ ಒಬ್ಬಳಾದರೂ ಅವಳ ಪಕ್ಕದಲ್ಲಿ ಇರಬೇಕು ಅಕ್ಕಾ.